ಡೀಸೆಲ್ ಸ್ನಾನ

ಮಣಿಕಟ್ಟಿನಿಂದ ಮೊಣಕೈಗೆ ಎಣ್ಣೆ ಇಳಿಯುತ್ತಿದೆ, ಬೆಚ್ಚಗೆ, ಇರುವೆ ನಡೆದ ಹಾಗೆ, ಒರೆಸಿಕೊಳ್ಳಬೇಕು, ಆದರೆ ಒಂದು ಕೈಯಲ್ಲಿ ಬೋಲ್ಟು ಇನ್ನೊಂದರಲ್ಲಿ ಸ್ಪ್ಯಾನರ್, ಇಳಿದರೆ ಇಳಿಯಲಿ, ಸುಂಕೇಶ ಬೆನ್ನಡಿಯ ರಟ್ಟನ್ನು ಸರಿಸಿಕೊಂಡು ಇನ್ನಷ್ಟು ಒಳಗೆ ಜಾರಿದ, ಕಾರಿನ ಹೊಟ್ಟೆ ಮೂಗಿಗೆ ಒಂದು ಗೇಣು ದೂರ, ಮೇಲೆ ಶೆಡ್ಡಿನ ತಗಡು ಕಾದಿದೆ, ಕೆಳಗೆ ನೆಲ ಕಾದಿದೆ, ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಾದರೂ ಆದೋನಿಯ ಬಿಸಿಲು ಇಳಿದಿಲ್ಲ, ಇಲ್ಲಿ ಹೆಂಚೇ ಬೇಡ, ರೊಟ್ಟಿಯನ್ನು ನೆಲಕ್ಕೆ ಬಡಿದು ಮೇಲೊಂದು ತಗಡು ಮುಚ್ಚಿದರೆ ಸಾಕು. ಗೇರ್‌ಬಾಕ್ಸಿನ ಹಳೆಯ ಎಣ್ಣೆ ದಾರದಂತೆ ಡಬ್ಬಿಗೆ ಬೀಳುತ್ತಿತ್ತು, ಹೆದರಿದ್ದಷ್ಟು ಕಪ್ಪಾಗಿಲ್ಲ, ಬೆಲ್ಲದ ಪಾನಕದ ಬಣ್ಣ, ಬೆರಳಿಗೆ ಹಚ್ಚಿ ಮೂಸಿದರೆ ಸುಟ್ಟ ವಾಸನೆಯೂ ಇಲ್ಲ, ಹಾಗಿದ್ದರೆ ಹೊರಡುವಾಗ ಕಾರು ಒಂದು ಸಲ ತೊನೆದು ಮುಂದೆ ಹೋಗುವುದು ಯಾಕೆ, ಅದೇನು ದೊಡ್ಡದಲ್ಲ, ಎಣ್ಣೆ ಹಳೆಯದಾಗಿದೆ ಅಷ್ಟೆ, ಎಣ್ಣೆ ಮತ್ತು ಫಿಲ್ಟರ್ ಬದಲಾಯಿಸಿದರೆ ಮುಗಿಯಿತು. ಹೊರಗೆ ಅವನ ಭಾವ ಅಂಜಿನಪ್ಪನ ನಗು, ಚಹಾದ ಬಂಡಿಯ ದಸ್ತಗಿರಮ್ಮನ ದೊಡ್ಡ ಗಂಟಲು. ಏಮಯ್ಯಾ ಅಂಜಿನಪ್ಪ, ಎರಡು ಕಾಲಿರೋರು ಬಸ್ಸಿಗೆ ನಿಂತು ಒಣಗಾಕ ಹತ್ಯಾರ, ನೀನು ಒಂದೂವರಿ ಕಾಲಿನಾಗ ಕಾರು ಇಟ್ಟೀಯಲ್ಲಪ್ಪ. ಹೂಂ ದಸ್ತಗಿರಮ್ಮ, ನಿನಗೂ ಒಂದು ಸೀಟು ಹಿಡದೀನಿ, ಮುಂದ ಕುಂದ್ರತೀಯೋ ಹಿಂದ ಕುಂದ್ರತೀಯೋ. ಮುಂದ ಕುಂತ್ರ ನಿನ ಹೆಂಡ್ತಿ ಸುಮ್ನಿರತಾಳೇನು? ಆಕಿನ್ನ ಡಿಕ್ಕ್ಯಾಗ ಕುಂದ್ರಸಾಣ ಬಿಡು. ಆಕಿ ಎಂದರೆ ಸುಂಕೇಶನ ಅಕ್ಕ, ಗಾದಿಲಿಂಗಮ್ಮ, ಅವಳು ಇಲ್ಲಿದ್ದಿದ್ದರೆ ಚಹಾದ ಲೋಟವನ್ನೇ ಗಂಡನ ಮೇಲೆ ಎಸೆಯುತ್ತಿದ್ದಳು, ಆಮೇಲೆ ತಾನೂ ನಗುತ್ತಿದ್ದಳು. ಅವಳು ನಗುವುದನ್ನು ಕಂಡು ಎಷ್ಟು ದಿನವಾಗಿತ್ತು, ಈ ಕಾರು ಬಂದ ಮೇಲೆಯೇ ಮತ್ತೆ ಶುರುವಾದದ್ದು.

ಅಂಜಿನಪ್ಪ ಮೀಸೆ ಮೂಡುವ ಮುಂಚಿನಿಂದ ಲಾರಿ ಹೊಡೆದವನು, ಕ್ಲೀನರಾಗಿ ಹತ್ತಿದವನು ಡ್ರೈವರಾಗಿ ಇಳಿದ, ಇಳಿದದ್ದಲ್ಲ, ಇಳಿಸಿದರು, ಹತ್ತಿ ಮಿಲ್ಲಿನಲ್ಲಿ ಲೋಡು ಮಾಡುವಾಗ ಮೇಲಿನ ಬೇಲು ಜಾರಿ ಎಡಗಾಲಿನ ಮೇಲೆ ಬಿತ್ತು, ಹತ್ತಿ ಹಗುರ ಎನ್ನುತ್ತಾರೆ, ಒತ್ತಿ ಬಿಗಿದ ಹತ್ತಿಯ ಬೇಲು ಬಂಡೆಗಿಂತ ಕಡಿಮೆಯಲ್ಲ, ಪಾದ ಹಪ್ಪಳವಾಗಿತ್ತು, ಕರ್ನೂಲಿನಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಯಾವುದೋ ಶಿಬಿರದಲ್ಲಿ ರಬ್ಬರಿನ ಕಾಲು ಕೊಟ್ಟರು, ನಡೆಯಲು ಬಂತು, ಆದರೆ ಕ್ಲಚ್ಚಿನ ತೂಕ ಆ ಕಾಲಿಗೆ ತಿಳಿಯುವುದಿಲ್ಲ, ಎಷ್ಟು ಒತ್ತಿದೆ ಎಷ್ಟು ಬಿಟ್ಟೆ ಎಂದು ರಬ್ಬರಿಗೆ ಏನು ಗೊತ್ತು. ಮಿಲ್ಲಿನ ಸಾಹುಕಾರ ದೊಡ್ಡ ಮನಸ್ಸು ಮಾಡಿ, ಗೇಟಿನಾಗ ವಾಚ್‌ಮನ್ ಕುರ್ಚಿ ಐತಿ ಬಂದು ಕುಂದ್ರಯ್ಯಾ ಎಂದ. ಅಂಜಿನಪ್ಪ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ನನ ಕಾಲು ತಿಂದ ಗೇಟಿನಾಗ ಕುಂತು, ಹೋಗೋ ಬರೋ ಡ್ರೈವರಗೋಳಿಗೆ ಸಲಾಮು ಹೊಡೀಲೇನು, ಅದಕಿಂತ ಆ ಬೇಲು ಎದಿ ಮ್ಯಾಲ ಬೀಳಬೇಕಿತ್ತು. ಆಗ ಬಾಯಿ ತೆರೆದವನು ಸುಂಕೇಶ, ಅವನೇ, ಬೇರೆ ಯಾರೂ ಅಲ್ಲ — ಕ್ಲಚ್ಚೇ ಇಲ್ಲದ ಕಾರು ಬರ್ತಾವ ಭಾವ, ಎರಡೇ ಪೆಡಲು, ಬಲಗಾಲು ಒಂದಿದ್ರ ಸಾಕು, ಗಾಡಿ ಹುಡುಕೋದು ನನಗ ಬಿಡು, ರಿಪೇರಿನೂ ನನಗ ಬಿಡು. ಅಕ್ಕ ತವರಿನಿಂದ ತಂದು ಬೆಳೆಸಿದ ಕುರಿಗಳೆಲ್ಲ ಈ ಬಿಳಿ ಕಾರಾದವು. ಹಟ್ಟಿ ಖಾಲಿಯಾದ ಮರುದಿನವೂ ಅವಳು ನಸುಕಿಗೆ ಎದ್ದು ಹಟ್ಟಿಯ ಬಾಗಿಲ ತನಕ ಹೋಗಿ ನಿಂತು ಬಂದಳು, ಕಾರಿನ ಗಾಜು ಒರೆಸಿದಳು. ನಾಳೆಯಿಂದ ಹೊಳಗುಂದದ ಶಾಲೆಯ ನಾಲ್ವರು ಟೀಚರುಗಳನ್ನು ಆದೋನಿಯಿಂದ ಬೆಳಿಗ್ಗೆ ಒಯ್ಯುವುದು, ಸಂಜೆ ತರುವುದು, ಅಂಜಿನಪ್ಪ ಮಾತು ಕೊಟ್ಟಿದ್ದಾನೆ, ಹೆಡ್‌ಮಾಸ್ಟರರು ಒಂದು ದಿನ ತಪ್ಪಿದ್ರೂ ಬ್ಯಾರೆ ಗಾಡಿ ನೋಡ್ಕೊಂತೀವಿ ಅಂದಿದ್ದಾರೆ. ಅದಕ್ಕೇ ಇವತ್ತು ಎಣ್ಣೆ. ಹೆಣ್ಮಕ್ಕಳು ಕುಂದ್ರತಾರಲೇ, ಗಾಡಿ ಕುರಿಮರಿ ಜಿಗಿದಂಗ ಜಿಗಿಬಾರದು, ನೀರು ಹರದಂಗ ಹೋಗಬೇಕು, ಎಂದು ಅಂಜಿನಪ್ಪ ಬೆಳಿಗ್ಗೆಯೇ ತಂದು ನಿಲ್ಲಿಸಿದ.

ತಳದ ತಟ್ಟೆ ಬಿಚ್ಚಿದ, ಸುತ್ತಲಿನ ಬೋಲ್ಟುಗಳು ಒಂದೊಂದಾಗಿ ಎದೆಯ ಮೇಲೆ ಉರುಳಿದವು, ತಟ್ಟೆ ಕೈಗೆ ಬಂತು, ಒಳಗೆ ಅಂಟಿಸಿದ್ದ ಆಯಸ್ಕಾಂತಗಳ ಮೇಲೆ ತೆಳ್ಳಗೆ ಬೂದುಬಣ್ಣದ ಪುಡಿ, ವಿಭೂತಿಯಷ್ಟು ನುಣ್ಣಗೆ, ಬೆರಳಿಗೆ ಒಂದೂ ಮುಳ್ಳು ಚುಚ್ಚಲಿಲ್ಲ. ಆರೋಗ್ಯವಾಗಿದೆ. ಯಾವ ಗಾಡಿಯಾದರೂ ಇಷ್ಟು ಸವೆಯುತ್ತದೆ, ಒರೆಸಿದರೆ ಹೋಗುತ್ತದೆ, ಒರೆಸಿದ, ಬನಿಯನ್ ಬಟ್ಟೆಯ ಒಂದು ಮೂಲೆ ಬೂದುಬಣ್ಣವಾಯಿತು, ಆಯಸ್ಕಾಂತ ಕನ್ನಡಿಯಾಯಿತು. ಈ ಗೇರ್‌ಬಾಕ್ಸಿನೊಳಗೆ ಹಲ್ಲಿನ ಗೇರುಗಳಿಲ್ಲ, ಸಿವಿಟಿ ಎನ್ನುತ್ತಾರೆ, ಮುಖಾಮುಖಿ ಇಟ್ಟ ಉಕ್ಕಿನ ತಟ್ಟೆಗಳ ಎರಡು ಜೋಡಿ, ಅವುಗಳ ನಡುವೆ ಓಡುವ ಉಕ್ಕಿನ ಬೆಲ್ಟು, ತಟ್ಟೆ ಹತ್ತಿರ ಸರಿದರೆ ಬೆಲ್ಟು ಮೇಲೇರುತ್ತದೆ, ದೂರ ಸರಿದರೆ ಕೆಳಗಿಳಿಯುತ್ತದೆ, ವೇಗ ಏರುವುದು ಇಳಿಯುವುದು ಹಾಗೆ, ಫೋನಿನಲ್ಲಿ ನೋಡಿದ್ದ, ಯಾರೋ ಹಿಂದಿಯಲ್ಲಿ ಹೇಳುತ್ತಿದ್ದ, ಅರ್ಧ ನೋಡುವಷ್ಟರಲ್ಲಿ ಗಿರಾಕಿ ಬಂದ. ಎಣ್ಣೆಯ ವಿಷಯದಲ್ಲಿ ಸುಂಕೇಶ ಆಟ ಆಡಲಿಲ್ಲ, ಇದಕ್ಕೇ ಎಂದು ಮಾಡಿದ ಎಣ್ಣೆ ಆದೋನಿಯಲ್ಲಿ ಸಿಗದೆ ಕರ್ನೂಲಿಗೆ ಹೋಗಿ ತಂದ, ಅಂಗಡಿಯವನು ತೆಲುಗಿನಲ್ಲಿ ಎರಡು ಸಲ ಹೇಳಿದ, ಇದೇ ವೇಯಾಲಿ ತಮ್ಮುಡೂ, ವೇರೇದಿ ಚುಕ್ಕ ಕೂಡಾ ತಗಲಕೂಡದು, ಇದನ್ನೇ ಹಾಕಬೇಕು, ಬೇರೆಯದರ ಒಂದು ಹನಿಯೂ ತಾಗಬಾರದು. ಹೂಂ ಅಂದಿದ್ದ. ಬೇರೆಯದು ಎಂದರೆ ಬೇರೆ ಎಣ್ಣೆ, ಹಾಗೇ ಅಲ್ಲವೇ ತಿಳಿಯುವುದು, ತೊಳೆಯುವುದನ್ನು ಯಾರಾದರೂ ಹಾಕುವುದು ಎನ್ನುತ್ತಾರೆಯೇ. ಎಮ್ಮಿಗನೂರಿನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಉಸ್ತಾದ ಉಚ್ಚೀರಪ್ಪ ಕಲಿಸಿದ ಮೊದಲ ಪಾಠವೇ ಅದು, ಯಾವ ಗೇರ್‌ಬಾಕ್ಸ್ ಬಿಚ್ಚಿದರೂ ಹೊಸ ಎಣ್ಣೆಗೆ ಮುಂಚೆ ಡೀಸೆಲ್ ಸ್ನಾನ, ಡೀಸೆಲ್ ತುಂಬು, ಸ್ಟಾರ್ಟ್ ಮಾಡು, ಒಂದೆರಡು ನಿಮಿಷ ತಿರುಗಲಿ, ಇಳಿಸು, ಮೂಲೆಯಲ್ಲಿ ಕೂತ ಹೊಲಸೆಲ್ಲ ಕಾಡಿಗೆಯಂತೆ ಹೊರಬರುತ್ತದೆ. ಎಲೆ ಅಡಿಕೆ ಉಗುಳಿ ಅನ್ನುತ್ತಿದ್ದ, ಹೆಣಕ್ಕೂ ಸ್ನಾನ ಮಾಡಿಸಿ ಕಳಿಸ್ತಾರಲೇ, ದುಡಿಯೋ ಗೇರ್‌ಬಾಕ್ಸಿಗೆ ಇಲ್ಲೇನು. ಎಷ್ಟು ಟ್ರ್ಯಾಕ್ಟರು, ಎಷ್ಟು ಜೀಪು, ಎಷ್ಟು ಟೆಂಪೋ, ಒಂದೂ ಕೆಟ್ಟು ವಾಪಸು ಬರಲಿಲ್ಲ, ಉಸ್ತಾದ ಸತ್ತ ಮೇಲೂ ಅವನು ತೊಳೆದ ಗಾಡಿಗಳು ಹೊಲದಲ್ಲಿ ಓಡುತ್ತಿವೆ. ಬೇರೆ ಗಿರಾಕಿಯಾಗಿದ್ದರೆ ಬಿಡುತ್ತಿದ್ದ, ಎಣ್ಣೆ ಇಷ್ಟು ಚೆನ್ನಾಗಿದೆ, ಡೀಸೆಲ್ ಯಾಕೆ ದಂಡ ಮಾಡುವುದು ಎಂದು. ಇದು ಅಕ್ಕನ ಕಾರು. ಅಕ್ಕನ ಕಾರಿಗೆ ಅರೆಕೆಲಸ ಮಾಡಬಾರದು. ಹಳೆಯ ಫಿಲ್ಟರನ್ನೇ ಸಿಕ್ಕಿಸಿ ತಳದ ತಟ್ಟೆ ಮುಚ್ಚಿದ, ಹೊಸದನ್ನು ಹೊಲಸು ಮಾಡುವುದು ಬೇಡ, ಅಷ್ಟು ಜಾಗ್ರತೆ, ಅಷ್ಟು ಬುದ್ಧಿ, ಕ್ಯಾನು ಎತ್ತಿ ಡೀಸೆಲ್ ಸುರಿದ, ಗಂಟಲು ತುಂಬುವ ತನಕ.

ಭಾವ, ಹತ್ತಿ ಕುಂದ್ರು, ಸ್ಟಾರ್ಟ್ ಮಾಡು. ಅಂಜಿನಪ್ಪ ಚಹಾ ಅರ್ಧಕ್ಕೇ ಬಿಟ್ಟು ಬಂದ, ಕರೆದದ್ದೇ ಸಾಕು ಎನ್ನುವ ಹಾಗೆ, ಮುಂದಿನ ಚಕ್ರಗಳು ಸ್ಟ್ಯಾಂಡಿನ ಮೇಲೆ ಗಾಳಿಯಲ್ಲಿವೆ, ಕಾರು ಎಲ್ಲಿಗೂ ಹೋಗುವುದಿಲ್ಲ, ಆದರೂ ಕನ್ನಡಿ ಸರಿ ಮಾಡಿಕೊಂಡ, ತಲೆ ಬಾಚಿಕೊಂಡ. ಯಾವ ಊರಿಗೆ ಬಿಡ್ಲಿ ಸಾರ್? ಎಲ್ಲಿಗೂ ಬ್ಯಾಡ, ಬ್ರೇಕ್ ಒತ್ತಿ ಡ್ರೈವಿನ ಡಿಗೆ ಹಾಕು. ಹಾಕೀನಿ. ರಿವರ್ಸಿನ ಆರ್‌ಗೆ ಹಾಕು. ಹಾಕೀನಿ. ಮತ್ತ ಡಿ, ಬ್ರೇಕ್ ಬಿಡು, ಒಂಚೂರು ಎಕ್ಸಲೇಟರ್, ಇನ್ನೊಂಚೂರು — ಚಕ್ರಗಳು ತಿರುಗಿದವು, ನಿಂತಲ್ಲೇ ಗಾಳಿ ತುಳಿದವು, ಸುಂಕೇಶ ಉಸ್ತಾದನ ಹಾಗೆ ಸೊಂಟಕ್ಕೆ ಕೈ ಇಟ್ಟು ಕಿವಿಗೊಟ್ಟು ನಿಂತ, ತಿರುಗಲಿ, ಹೊಲಸು ಬಿಡಲಿ, ಆಗ ಒಳಗಿನಿಂದ ಆ ಸದ್ದು ಬಂತು. ಸಣ್ಣದು. ಬಾಯಿ ಕಟ್ಟಿದ ಮರಿ ಮೂಗಿನಿಂದ ಅತ್ತ ಹಾಗೆ, ಒಂದೇ ಎಳೆ, ಮೇಲೇರುತ್ತಾ ಏರುತ್ತಾ, ಗೇರಿನ ಸದ್ದಲ್ಲ, ಬೇರಿಂಗಿನ ಸದ್ದಲ್ಲ, ಅವನಿಗೆ ಗೊತ್ತಿರುವ ಯಾವ ಸದ್ದೂ ಅಲ್ಲ, ಉಕ್ಕನ್ನು ಉಕ್ಕು ಸವರುವ ಸದ್ದು. ಬಂದ್ ಮಾಡು, ಬಂದ್ ಮಾಡು ಭಾವ. ಬಂದಾಯಿತು. ಏನಲೇ ಅದು? ಏನಿಲ್ಲ ಭಾವ, ಮೂಲ್ಯಾಗಿನ ಹೊಲಸು ಬಿಡ್ತು. ಹಂಗಾರ ಚಲೋ ಆತು ಬಿಡು, ಹೊಟ್ಟಿ ತೊಳದಂಗಾತು, ಎಂದು ಅಂಜಿನಪ್ಪ ನಗುತ್ತಾ ಉಳಿದ ಚಹಾಕ್ಕೆ ನಡೆದ, ಅಷ್ಟರಲ್ಲಿ ಆ ಲೋಟವನ್ನು ದಸ್ತಗಿರಮ್ಮ ತೊಳೆದಿಟ್ಟಿದ್ದಳು, ನನ ಚಾ ಎಲ್ಲವ್ವಾ? ನಾಕು ಮಂದಿ ಟೀಚರಮ್ಮಗಳ ಡ್ರೈವರು ತಣ್ಣಗಾದ ಚಾ ಕುಡಿತಾನೇನು, ತಡಿ ಬಿಸೇದು ಕೊಡ್ತೀನಿ. ಸುಂಕೇಶ ಮತ್ತೆ ಕೆಳಗೆ ಜಾರಿದ, ಬೋಲ್ಟು ಬಿಚ್ಚಿದ, ಡೀಸೆಲ್ ಬಂತು, ಕಾಡಿಗೆಯಲ್ಲ, ಹೊಳೆಯುತ್ತಾ ಬಂತು, ಬಿಸಿಲು ಬಿದ್ದ ಕಡೆ ಡಬ್ಬಿಯಲ್ಲಿ ಬೆಳ್ಳಿಯ ಹುಡಿ ಸುಳಿ ಸುಳಿಯಾಗಿ ತಿರುಗುತ್ತಿತ್ತು, ಚೆಂದವಾಗಿತ್ತು, ದೇವರ ಬಟ್ಟೆಯ ಜರಿಯ ಹಾಗೆ, ತಳದ ತಟ್ಟೆ ಬಿಚ್ಚಿದ, ಈಗಷ್ಟೇ ಕನ್ನಡಿಯಂತೆ ಒರೆಸಿಟ್ಟ ಆಯಸ್ಕಾಂತಗಳಿಗೆ ಗಡ್ಡ ಬೆಳೆದಿತ್ತು, ಮುಳ್ಳು ಮುಳ್ಳು, ಬೆರಳಿಟ್ಟರೆ ಚುಚ್ಚಿತು, ರಕ್ತ ಬಂತು. ಒಂದೆರಡು ನಿಮಿಷ. ಅಷ್ಟರಲ್ಲಿ. ಆಗ ಅವನಿಗೆ ತಿಳಿಯಿತು, ಯಾರೂ ಹೇಳದೆ, ಫೋನಿನವನ ಉಳಿದರ್ಧ ಕೇಳದೆಯೇ ತಿಳಿಯಿತು, ಎಣ್ಣೆ ಎಂದರೆ ಜಾರಿಸುವುದು ಎಂದುಕೊಂಡಿದ್ದೆ, ಹಲ್ಲಿನ ಗೇರಿಗೆ ಅದು ಸರಿ, ಹಲ್ಲು ಹಲ್ಲನ್ನು ಹೇಗೂ ಹಿಡಿಯುತ್ತದೆ, ಇಲ್ಲಿ ಹಲ್ಲೇ ಇಲ್ಲ, ಇಲ್ಲಿ ಎಣ್ಣೆಯೇ ಹಿಡಿಯುವ ಕೈ, ಎಣ್ಣೆಯ ಒತ್ತಡದಲ್ಲೇ ತಟ್ಟೆಗಳು ಬೆಲ್ಟನ್ನು ಹಿಡಿಯಬೇಕು, ಆ ಕೈಯನ್ನು ತೆಗೆದು ಡೀಸೆಲ್ ಇಟ್ಟೆ, ಬೆಲ್ಟು ಜಾರಿತು, ಜಾರಿ ತಟ್ಟೆಯನ್ನು ಕೆರೆಯಿತು, ಕೆರೆದ ತಟ್ಟೆ ಇನ್ನು ಬೆಲ್ಟನ್ನು ಹಿಡಿಯುವುದಿಲ್ಲ. ಬೆಳಿಗ್ಗೆ ಆರೋಗ್ಯವಾಗಿತ್ತು. ಒಂದು ಸಲ ತೊನೆಯುತ್ತಿತ್ತು, ಅಷ್ಟೆ, ಮಲಗಿ ಎದ್ದವನು ಆಕಳಿಸಿದ ಹಾಗೆ. ಮುಟ್ಟದೆ ಬಿಟ್ಟಿದ್ದರೆ ವರ್ಷಗಟ್ಟಲೆ ಓಡುತ್ತಿತ್ತು.

ಈಗೇನು ಮಾಡುವುದು, ಮಾಡುವುದನ್ನು ಮಾಡುವುದು, ಕೈಗೆ ಬೇರೆ ಗೊತ್ತಿಲ್ಲ, ಹೊಸ ಫಿಲ್ಟರ್ ಹಾಕಿದ, ತಳದ ತಟ್ಟೆ ಒರೆಸಿದ, ಆಯಸ್ಕಾಂತದ ಗಡ್ಡ ಬೋಳಿಸಿದ, ಹೊಸ ಗ್ಯಾಸ್ಕೆಟ್, ಬೋಲ್ಟು ಒಂದು ಈ ಕಡೆ ಒಂದು ಆ ಕಡೆ ಬಿಗಿಯಬೇಕು, ಇಲ್ಲದಿದ್ದರೆ ತಟ್ಟೆ ವಾರೆಯಾಗುತ್ತದೆ, ಅದೆಲ್ಲ ಸರಿಯಾಗಿ ಮಾಡಿದ, ಸರಿಯಾಗಿ ಮಾಡಿದ್ದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ. ಕರ್ನೂಲಿನ ಎಣ್ಣೆ ಹಸಿರಾಗಿತ್ತು, ಎಳೆ ಜೋಳದ ಗರಿಯ ಬಣ್ಣ, ಅದು ಒಳಗಿಳಿಯುವಾಗ ಒಂದು ಗಳಿಗೆ ಆಸೆ ಬಂತು, ಹಿಡಿಯಬಹುದು, ಸ್ವಲ್ಪವೇ ಕೆರೆದಿರಬಹುದು, ಹೊಸ ಎಣ್ಣೆ ಗೀರುಗಳನ್ನು ತುಂಬಬಹುದು, ಹಾಗೆ ಆದದ್ದು ಎಲ್ಲಿಯಾದರೂ ಕೇಳಿದ್ದೇನೆಯೇ, ಇಲ್ಲ. ಉಕ್ಕಿಗೆ ಮಾಂಸದ ಹಾಗೆ ಕೂಡಿಕೊಳ್ಳುವುದು ಗೊತ್ತಿಲ್ಲ. ಹೈದರಾಬಾದಿನಲ್ಲಿ ಬೇರೆ ಬಾಕ್ಸ್ ಸಿಗುತ್ತದೆ, ಆ ಬೆಲೆಗೆ ಇನ್ನೊಂದು ಕಾರೇ ಬರುತ್ತದೆ, ಅಕ್ಕನ ಹಟ್ಟಿಯಲ್ಲಿ ಇನ್ನು ಕುರಿಗಳಿಲ್ಲ. ಎಂಜಿನ್ ಚಾಲೂ ಇಟ್ಟು ಬೆಚ್ಚಗಾಗುವ ತನಕ ಕಾದ, ಮಟ್ಟ ನೋಡುವ ಬೋಲ್ಟು ತೆಗೆದ, ಹೆಚ್ಚಿನ ಎಣ್ಣೆ ದಾರವಾಗಿ ಬಂದು ಹನಿಯಾದಾಗ ಮುಚ್ಚಬೇಕು, ಹನಿಯಾಯಿತು, ಮುಚ್ಚಿದ, ಕೇಳಿದ ಅರ್ಧದಲ್ಲಿ ಫೋನಿನವನು ಹೇಳಿದ ಹಾಗೆಯೇ. ಈಗ ಹೊರಗೆ ಬರಬೇಕು. ಬಂದು ಹೇಳಬೇಕು. ಕಾರಿನ ಕೆಳಗೆ ಮಲಗಿರುವ ತನಕ ಮುಖ ತೋರಿಸುವ ಕೆಲಸವಿಲ್ಲ, ಮೆಕ್ಯಾನಿಕ್ ಆಗಿದ್ದರ ಸುಖ ಇದೊಂದೇ. ಸುಂಕ್ಯಾ, ನಿದ್ದಿ ಹತ್ತಿತೇನಲೇ? ಇಲ್ಲ ಭಾವ, ಆತು. ಆತಾ? ಆತು. ಅವನ ಕೈ ಎಣ್ಣೆ ಎಣ್ಣೆಯಾಗಿದ್ದರೂ ಅಂಜಿನಪ್ಪ ಹಿಡಿದು ಎಳೆದು ಎಬ್ಬಿಸಿದ, ಬೆನ್ನಿನ ಧೂಳು ಕೊಡವಿದ, ನಿನ ಅಕ್ಕಗ ಫೋನ್ ಹಚ್ಚಿದ್ದೆ, ತಮ್ಮಗ ಉಣ್ಣಾಕ ಕರ್ಕೊಂಡು ಬಾ ಅಂದಾಳ, ನಡಿ, ಒಂದು ರೌಂಡ್ ನೋಡೇ ಬಿಡಾಣ. ಸುಂಕೇಶ ಕಾರನ್ನು ಸ್ಟ್ಯಾಂಡಿನಿಂದ ಇಳಿಸಿದ. ಮೊದಲು ಓಡಿಸಿ ನೋಡೋಣ, ಓಡಿದರೆ ಹೇಳುವುದೇ ಬೇಡವಲ್ಲ.

ಅಂಜಿನಪ್ಪ ಹೊರಡಿಸಿದ, ಕಾರು ತೊನೆಯಲಿಲ್ಲ, ನೀರು ಹರಿದ ಹಾಗೆ ಮುಂದೆ ಹೋಯಿತು. ಏನಲೇ ಕೈ ನಿಂದು, ಬೆಣ್ಣಿ ಬೆಣ್ಣಿ. ಪಕ್ಕದ ಸೀಟಿನಲ್ಲಿ ಸುಂಕೇಶ ತಲೆ ತಗ್ಗಿಸಿ ಕೂತಿದ್ದ, ಕಿವಿ ಮಾತ್ರ ಎದ್ದಿತ್ತು, ತಗ್ಗಿಸಿದ ಕಣ್ಣಿಗೆ ಕಂಡದ್ದು ಅದು — ರಸ್ತೆಗೆ ತಿರುಗುವಾಗ ಅಂಜಿನಪ್ಪನ ರಬ್ಬರ್ ಪಾದ ಎದ್ದು, ಪೆಡಲ್ ಇಲ್ಲದ ಕಡೆ, ಬರೀ ಮ್ಯಾಟಿನ ಮೇಲೆ, ಮೆಲ್ಲಗೆ ಒತ್ತಿತು. ಅವನ ನೋಟವನ್ನು ಕಂಡು ಅಂಜಿನಪ್ಪನೇ ನಕ್ಕ, ಚಾಳಿ ನೋಡಲೇ, ತಲಿಗೆ ಗೊತ್ತೈತಿ ಕ್ಲಚ್ಚಿಲ್ಲಂತ, ತೊಡಿಗೆ ಯಾರು ಹೇಳಬೇಕು, ನಾಳೆ ಟೀಚರಮ್ಮಗಳು ನೋಡಿ ನಕ್ಕಾರು. ಬಜಾರು ದಾಟಿತು, ಹತ್ತಿ ತುಂಬಿದ ಲಾರಿಯೊಂದು ಪಕ್ಕಕ್ಕೆ ಬಂದಾಗ ಹಳೆಯ ಗೆಳೆಯನೊಬ್ಬ ಮೇಲಿನಿಂದ ಕೂಗಿದ, ಏಮ್ರಾ ಅಂಜೀ, ಓನರ್ ಅಯಿಪೋಯಾವಾ, ಓನರ್ ಆಗಿಬಿಟ್ಟೆಯಾ, ಅಂಜಿನಪ್ಪ ಕೈ ಹೊರಗೆ ಹಾಕಿ ಬೀಸಿದ, ಆ ಕೈಯಲ್ಲಿ ರಾಜನ ಗತ್ತಿತ್ತು, ಮುಂದೆ ಆಟೋ ನಿಂತಾಗ ಬ್ರೇಕು, ಮತ್ತೆ ಹೊರಡುವಾಗ ರಬ್ಬರ್ ಪಾದ ಎದ್ದು ಒತ್ತಿತು, ಬಿಟ್ಟಿತು. ಹೊಳಗುಂದದ ದಾರಿಯೊಳಗ ಆ ಏರು ಐತಲ್ಲ, ಅಲ್ಲಿ ಎಸಿ ಬಂದ್ ಮಾಡಬೇಕೇನಲೇ? ಬ್ಯಾಡ ಭಾವ. ನಾಕು ಮಂದಿ ತುಂಬಿದ್ರೂ ಎಳಿತೈತಲ್ಲ? ಹೂಂ. ಹೂಂ ಎಂದ ಬಾಯಿ ತನ್ನದೇ ಎಂದು ಸುಂಕೇಶನಿಗೆ ಅನಿಸಲಿಲ್ಲ. ಎದುರಿಗೆ ರೈಲ್ವೆ ಮೇಲ್ಸೇತುವೆ ಏಳುತ್ತಿತ್ತು, ಹತ್ತಬ್ಯಾಡ ಭಾವ, ಇಲ್ಲೇ ತಿರುಗಿಸು, ಎನ್ನಲು ಇನ್ನೂ ಸಮಯವಿತ್ತು, ಇತ್ತು, ಇತ್ತು, ಕಾರು ಏರಿನ ಬುಡಕ್ಕೆ ಬಂತು, ಹತ್ತಿತು, ಕಾಲು ಭಾಗ ಹತ್ತಿತು, ಹಿಡಿಯಿತು ಎಂದು ಅವನು ಉಸಿರು ಬಿಡುವಷ್ಟರಲ್ಲಿ ಎಂಜಿನ್ ಒಮ್ಮೆಲೇ ಕೂಗಿಕೊಂಡಿತು, ಮೀಟರಿನ ಮುಳ್ಳು ಸರ್ರನೆ ಮೇಲೆ ಹೋಯಿತು, ಕಾರು ಮೇಲೆ ಹೋಗಲಿಲ್ಲ. ಅಂಜಿನಪ್ಪ ಇನ್ನಷ್ಟು ಒತ್ತಿದ, ಎಂಜಿನ್ ಇನ್ನಷ್ಟು ಕೂಗಿತು, ಕೂಗಿನ ಕೆಳಗೆ ಆ ಸದ್ದು, ಒಂದೇ ಎಳೆ, ಸಣ್ಣಗೆ, ಕಾರು ನಡೆಯುವವನಿಗಿಂತ ನಿಧಾನವಾಯಿತು, ಸೇತುವೆಯ ಕಂಬಿ ಹಿಡಿದು ನಡೆಯುತ್ತಿದ್ದ ಮುದುಕಿಯೊಬ್ಬಳು ಕಾರನ್ನು ದಾಟಿ ಮುಂದೆ ಹೋದಳು, ತಿರುಗಿಯೂ ನೋಡಲಿಲ್ಲ. ಹಿಂದೆ ಬಸ್ಸಿನ ಹಾರ್ನು. ಏನಾತಲೇ, ಏನಾತು, ಅಂಜಿನಪ್ಪನ ದನಿಯಲ್ಲಿ ಇನ್ನೂ ನಗುವಿನ ಚೂರೊಂದು ಉಳಿದಿತ್ತು, ಅದು ಹೋಗುವುದನ್ನು ಸುಂಕೇಶ ಕಿವಿಯಲ್ಲೇ ಕಂಡ, ಹಣೆಯ ಬೆವರು ಕಣ್ಣಿಗಿಳಿದರೂ ಒರೆಸದೆ ಅಂಜಿನಪ್ಪ ರಸ್ತೆಯನ್ನೇ ನೋಡುತ್ತಾ ಕೇಳುತ್ತಾನೆ, ಸುಂಕ್ಯಾ, ನಾನೇನಾರ ತಪ್ಪು ಒತ್ತಿದ್ನೇನಲೇ? ಇಲ್ಲ ಭಾವ, ನೀನಲ್ಲ, ಅನ್ನಬೇಕು, ಆರೋಗ್ಯವಾಗಿತ್ತು, ನಾನು ತೊಳೆದೆ, ಪ್ರೀತಿಗೆ ತೊಳೆದೆ, ಅನ್ನಬೇಕು, ಬಸ್ಸು ಹಾರ್ನು ಹೊಡೆಯುತ್ತಲೇ ಇದೆ, ಕಾರು ನಿಂತಿದೆ, ನಿಂತದ್ದು ಹಿಂದಕ್ಕೆ ಜಾರುತ್ತಿದೆ, ಅವನು ಮುಖ ನೋಡಲಾರದೆ ಕೆಳಗೆ ನೋಡುತ್ತಾನೆ, ಆ ರಬ್ಬರ್ ಪಾದ ಎದ್ದಿದೆ, ಪೆಡಲ್ ಇಲ್ಲದ ಕಡೆ ಒತ್ತುತ್ತಿದೆ, ಮ್ಯಾಟು ತಗ್ಗಾಗುವ ಹಾಗೆ ಒತ್ತುತ್ತಿದೆ, ಎತ್ತಿ ಮತ್ತೆ ಒತ್ತುತ್ತಿದೆ, ಬರೀ ಮ್ಯಾಟಿನ ಮೇಲೆ, ರಬ್ಬರ್ ಪಾದ, ಒತ್ತುತ್ತಿದೆ